ನೆಲ ಡೊಂಕೋ, ಕುಣಿತ ಡೊಂಕೋ?

'ಕುಣಿಯಲಾರದವಳು ನೆಲ ಡೊಂಕು ಎಂದಳಂತೆ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕೈಲಾಗದೆ ಹೋದಾಗ ತನ್ನ ಕೊರತೆಯನ್ನು ಒಪ್ಪಿಕೊಳ್ಳದೆ ಸುತ್ತಲಿನ ಪರಿಸ್ಥಿತಿಯನ್ನು ದೂರುವವರನ್ನು ಹಂಗಿಸಲು ಇದಕ್ಕಿಂತ ಮೊನಚಾದ ಮಾತು ಸಿಗುವುದು ಕಷ್ಟ. ಆದರೆ ಈ ಗಾದೆಯಲ್ಲಿ ವಿಚಾರಣೆಗೆ ಮೊದಲೇ ತೀರ್ಪು ಬಂದುಬಿಟ್ಟಿದೆ. ತಪ್ಪು ಕುಣಿಯುವವಳದ್ದೇ ಎಂದು ಎಲ್ಲರೂ ನಿರ್ಧರಿಸಿಯಾಗಿದೆ. ನೆಲ ನಿಜವಾಗಿಯೂ ಡೊಂಕಾಗಿದೆಯೇ ಎಂದು ಬಗ್ಗಿ ನೋಡುವ ಗೋಜಿಗೆ ಯಾರೂ ಹೋಗಿಲ್ಲ.

ಕಚೇರಿಯಿರಲಿ, ಕಾರ್ಖಾನೆಯಿರಲಿ, ಬ್ಯಾಂಕು, ಆಸ್ಪತ್ರೆಗಳಿರಲಿ, ನಾಲ್ಕು ಜನ ಸೇರಿ ದುಡಿಯುವ ಎಲ್ಲ ಕಡೆಯೂ ಮೇಲಿನವರನ್ನು ಕಾಡುವ ಪ್ರಶ್ನೆ ಇದು. ಒಬ್ಬ ನೌಕರನ ಕೆಲಸ ಸರಿಯಾಗಿ ನಡೆಯುತ್ತಿಲ್ಲ. ಕಡತಗಳು ಮೇಜಿನ ಮೇಲೆ ರಾಶಿ ಬಿದ್ದಿವೆ. ಲೆಕ್ಕದಲ್ಲಿ ಪದೇ ಪದೇ ತಪ್ಪು ಕಾಣುತ್ತಿದೆ. ಅವನ ಪಾಲಿನ ಹೊರೆ ಪಕ್ಕದವರ ಹೆಗಲಿಗೆ ಬೀಳುತ್ತಿದೆ. ಮೇಲಧಿಕಾರಿ ಏನು ಮಾಡಬೇಕು? ಬಯ್ಯಬೇಕೇ, ದಂಡ ಹಾಕಬೇಕೇ, ಮನೆಗೆ ಕಳಿಸಬೇಕೇ, ಇಲ್ಲವೇ ಕಂಡೂ ಕಾಣದಂತೆ ಇದ್ದುಬಿಡಬೇಕೇ? ಅನೇಕರು ಮೊದಮೊದಲು ಕೊನೆಯ ದಾರಿಯನ್ನೇ ಹಿಡಿಯುತ್ತಾರೆ. ತಾಳ್ಮೆ ಮುಗಿದ ದಿನ ಒಮ್ಮೆಲೇ ಉಳಿದ ಮೂರರಲ್ಲಿ ಒಂದಕ್ಕೆ ಜಿಗಿಯುತ್ತಾರೆ.

ಈ ಪ್ರಶ್ನೆ ಹೊಸದಲ್ಲ. ಮ್ಯಾನೇಜ್‌ಮೆಂಟ್ ಎಂಬ ಶಾಸ್ತ್ರ ಹುಟ್ಟುವುದಕ್ಕೆ ಬಹಳ ಮೊದಲೇ ಅರಸರೂ ಗಿರಣಿ ಮಾಲೀಕರೂ ಇದಕ್ಕೆ ಉತ್ತರ ಹುಡುಕಿದ್ದಾರೆ. ಆ ಉತ್ತರಗಳ ಇತಿಹಾಸವನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ತಪ್ಪು ಎಲ್ಲಿದೆ ಎಂದು ಮೊದಲು ಹುಡುಕಿ, ಅದನ್ನು ಸಂಬಂಧಪಟ್ಟವನ ಮುಖಕ್ಕೆ ಹೇಳಿ, ಅವನ ಮಾತನ್ನೂ ಕೇಳಿದ ಕಡೆ ಕೆಲಸ ಸುಧಾರಿಸಿದೆ. ಈ ಮೂರರಲ್ಲಿ ಒಂದನ್ನು ಬಿಟ್ಟ ಕಡೆಯಲ್ಲೆಲ್ಲ ಎಡವಟ್ಟಾಗಿದೆ.

ಮೈಸೂರಿನಲ್ಲಿ ಬೆಳಕು ಕಂಡ ಪಟ್ಟಿ

ಈ ವಿಷಯದ ಅತ್ಯಂತ ಹಳೆಯ ವಿವರಗಳಲ್ಲಿ ಒಂದು ಆಧುನಿಕ ಜಗತ್ತಿಗೆ ತಿಳಿದುಬಂದದ್ದು ಮೈಸೂರಿನಿಂದ. ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ ತಾಳೆಗರಿಯ ಕಟ್ಟಿನಲ್ಲಿ ಕೌಟಿಲ್ಯನ 'ಅರ್ಥಶಾಸ್ತ್ರ' ಇರುವುದನ್ನು 1905ರಲ್ಲಿ ಅಲ್ಲಿನ ವಿದ್ವಾಂಸ ಆರ್. ಶಾಮಾಶಾಸ್ತ್ರಿಗಳು ಗುರುತಿಸಿದರು. 1909ರಲ್ಲಿ ಮೂಲ ಗ್ರಂಥವನ್ನೂ 1915ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನೂ ಅವರು ಪ್ರಕಟಿಸಿದರು. ಗ್ರಂಥದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಏನಿಲ್ಲವೆಂದರೂ ಅದಕ್ಕೆ ಹದಿನೇಳು ಹದಿನೆಂಟು ಶತಮಾನಗಳಷ್ಟು ವಯಸ್ಸಾಗಿದೆ ಎಂಬುದರಲ್ಲಿ ಸಂಶಯವಿಲ್ಲ.

ಕೌಟಿಲ್ಯ ಎಂದೊಡನೆ ಗೂಢಚಾರರು, ಕಠಿಣ ಶಿಕ್ಷೆಗಳು ನೆನಪಿಗೆ ಬರುತ್ತವೆ. ಅವೆಲ್ಲ ಗ್ರಂಥದಲ್ಲಿ ಇವೆ, ನಿಜ. ಆದರೆ ಲೆಕ್ಕಪತ್ರದ ಕಚೇರಿಯ ಬಗ್ಗೆ ಹೇಳುವ ಅಧ್ಯಾಯದಲ್ಲಿ ಅವನು ಇನ್ನೊಂದು ಕೆಲಸವನ್ನೂ ಮಾಡಿದ್ದಾನೆ. ಅಧಿಕಾರಿಯೊಬ್ಬನ ಕೈಯಲ್ಲಿ ರಾಜ್ಯದ ಆದಾಯ ಕುಸಿಯಲು ಏನೇನು ಕಾರಣಗಳಿರಬಹುದು ಎಂದು ಪಟ್ಟಿ ಮಾಡಿದ್ದಾನೆ: ಅಜ್ಞಾನ, ಆಲಸ್ಯ, ಪ್ರಮಾದ, ಭಯ, ಕಾಮ, ಕೋಪ, ದರ್ಪ, ಲೋಭ. ಒಟ್ಟು ಎಂಟು.

ಪಟ್ಟಿಯ ಮೊದಲ ಹೆಸರು ಅಜ್ಞಾನ ಎಂಬುದು ಗಮನಾರ್ಹ. ಕೆಲಸ ಹೇಗೆ ಮಾಡಬೇಕೆಂದು ತಿಳಿಯದೆ ಕೆಡಿಸಿದವನು ಬೇರೆ, ಕಷ್ಟಪಡಲಾರದ ಸೋಮಾರಿ ಬೇರೆ, ಜನ ಗಲಾಟೆ ಮಾಡಿಯಾರು ಎಂಬ ಭಯದಿಂದ ಕೈಕಟ್ಟಿ ಕುಳಿತವನು ಬೇರೆ, ತೂಕ ಅಳತೆಗಳಲ್ಲಿ ಮೋಸ ಮಾಡಿ ಗಂಟು ಮಾಡಿಕೊಂಡವನು ಬೇರೆ. ಹೊರಗಿನಿಂದ ನೋಡಿದರೆ ಎಂಟು ಜನರ ಫಲಿತಾಂಶವೂ ಒಂದೇ: ಬೊಕ್ಕಸಕ್ಕೆ ಹಣ ಬರಲಿಲ್ಲ. ಒಳಗಿನ ಕಾರಣ ಮಾತ್ರ ಎಂಟು ಬಗೆ.

ಇವರಿಗೆ ದಂಡ ಎಷ್ಟು? ಇಲ್ಲಿ ಕೌಟಿಲ್ಯ ತನಗಿಂತ ಹಿಂದಿನವರ ಮತಗಳನ್ನು ಸಾಲಾಗಿ ಹೇಳುತ್ತಾನೆ. ಕಾರಣಗಳ ಅನುಕ್ರಮದಲ್ಲಿ ದಂಡವನ್ನು ಒಂದೊಂದು ಪಟ್ಟು ಏರಿಸುತ್ತ ಹೋಗಬೇಕೆಂದು ಮಾನವ ಪಂಥದವರು, ಯಾವ ಕಾರಣವಿದ್ದರೂ ನಷ್ಟದ ಎಂಟು ಪಟ್ಟು ಎಂದು ಪಾರಾಶರರು, ಹತ್ತು ಪಟ್ಟು ಎಂದು ಬಾರ್ಹಸ್ಪತ್ಯರು, ಇಪ್ಪತ್ತು ಪಟ್ಟು ಎಂದು ಔಶನಸರು. ಹರಾಜಿನ ಕೂಗಿನಂತೆ ಏರುತ್ತಿದ್ದ ಈ ಮೊತ್ತವನ್ನು ಕೌಟಿಲ್ಯ ಒಂದೇ ಮಾತಿನಲ್ಲಿ ನಿಲ್ಲಿಸುತ್ತಾನೆ. ದಂಡ ಅಪರಾಧಕ್ಕೆ ತಕ್ಕಂತಿರಬೇಕು ಎಂಬುದು ಅವನ ಮತ. ತಕ್ಕಂತಿರಬೇಕಾದರೆ ಕಾರಣ ಯಾವುದೆಂದು ಮೊದಲು ತಿಳಿಯಲೇಬೇಕು.

ಫಲಿತಾಂಶವನ್ನು ಕಣ್ಣುಮುಚ್ಚಿ ನಂಬಬಾರದೆಂಬ ಎಚ್ಚರವೂ ಅವನಿಗಿತ್ತು. ಆದಾಯ ಇಳಿಸಿದ ಅಧಿಕಾರಿ ಅರಸನ ಹಣ ತಿನ್ನುತ್ತಾನೆ, ನಿಜ. ಆದರೆ ಆದಾಯವನ್ನು ಎರಡು ಪಟ್ಟು ಮಾಡಿದವನು ನಾಡನ್ನೇ ತಿನ್ನುತ್ತಿದ್ದಾನೆ ಎಂದು ಅವನು ಎಚ್ಚರಿಸುತ್ತಾನೆ. 'ಟಾರ್ಗೆಟ್' ಮುಟ್ಟಿದವರಿಗೆಲ್ಲ ಹಾರ ಹಾಕುವ ಕಾಲದಲ್ಲಿ ಈ ಮಾತು ವಿಶೇಷವಾಗಿ ನೆನೆಯತಕ್ಕದ್ದು.

ಕೂಲಿಯಾಳುಗಳ ವಿಷಯದಲ್ಲೂ ಇದೇ ವಿವೇಚನೆ ಕಾಣುತ್ತದೆ. ಕೂಲಿ ಪಡೆದು ಕೆಲಸ ಮಾಡದವನಿಗೆ ಹನ್ನೆರಡು ಪಣ ದಂಡ, ಕೆಲಸ ಮುಗಿಯುವವರೆಗೆ ಅವನನ್ನು ತಡೆದಿರಿಸಿಕೊಳ್ಳಬಹುದು. ಆದರೆ ಆಳು ಅಶಕ್ತನಾಗಿದ್ದರೆ, ಕೆಲಸ ಹೀನವಾದದ್ದಾಗಿದ್ದರೆ, ಕಾಯಿಲೆಯಲ್ಲೋ ಸಂಕಟದಲ್ಲೋ ಇದ್ದರೆ ಅವನು ಒಪ್ಪಂದದಿಂದ ಹಿಂದೆ ಸರಿಯಬಹುದು, ಇಲ್ಲವೇ ಬೇರೆಯವರಿಂದ ಅದನ್ನು ಮಾಡಿಸಿಕೊಡಬಹುದು.

ಮೈ ತೊಳೆದರೂ ದಂಡ

ಇಷ್ಟು ವಿವೇಚನೆ ಹದಿನೆಂಟನೆಯ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ತಲೆಯೆತ್ತಿದ ಹತ್ತಿ ಗಿರಣಿಗಳಲ್ಲಿ ಇರಲಿಲ್ಲ. ಅಲ್ಲಿಯವರೆಗೆ ತಮ್ಮ ಮನೆಯಲ್ಲಿ ತಮಗೆ ಬೇಕಾದ ಹೊತ್ತಿಗೆ ನೂಲುತ್ತಿದ್ದ ಜನ ಗಂಟೆಯ ಸದ್ದಿಗೆ ಬಂದು ಯಂತ್ರದ ವೇಗಕ್ಕೆ ದುಡಿಯಬೇಕಾಯಿತು. ಅವರನ್ನು ಬಗ್ಗಿಸಲು ಮಾಲೀಕರು ಬಳಸಿದ ಸಾಧನಗಳು ಮೂರು: ಮಕ್ಕಳಿಗೆ ಚರ್ಮದ ಪಟ್ಟಿಯ ಹೊಡೆತ, ದೊಡ್ಡವರಿಗೆ ದಂಡ, ಇಬ್ಬರಿಗೂ ಕೆಲಸದಿಂದ ವಜಾ.

ಮ್ಯಾಂಚೆಸ್ಟರ್ ಬಳಿಯ ಟಿಲ್ಡ್ಸ್‌ಲಿ ಎಂಬಲ್ಲಿ 1823ರಲ್ಲಿ ಮುಷ್ಕರ ಹೂಡಿದ ನೂಲುಗಾರರು ತಮ್ಮ ಗಿರಣಿಯ ದಂಡದ ಪಟ್ಟಿಯನ್ನು ಅಚ್ಚು ಹಾಕಿಸಿ ಹಂಚಿದರು. ಕಿಟಕಿ ತೆರೆದಿದ್ದರೆ ಒಂದು ಶಿಲಿಂಗ್ ದಂಡ. ಸಿಳ್ಳೆ ಹಾಕಿದರೆ ಒಂದು ಶಿಲಿಂಗ್. ಕೆಲಸದ ವೇಳೆ ಮೈ ಕೊಳೆಯಾಗಿದ್ದರೆ ಒಂದು ಶಿಲಿಂಗ್. ಮೈ ತೊಳೆಯುತ್ತಿದ್ದುದು ಕಣ್ಣಿಗೆ ಬಿದ್ದರೆ ಅದಕ್ಕೂ ಒಂದು ಶಿಲಿಂಗ್! ಕಾಯಿಲೆ ಬಿದ್ದ ನೂಲುಗಾರ ತಕ್ಕ ಬದಲಿ ಆಳನ್ನು ಕಳಿಸಲಾಗದಿದ್ದರೆ ವ್ಯರ್ಥವಾದ ಉಗಿಯ ವೆಚ್ಚವೆಂದು ದಿನಕ್ಕೆ ಆರು ಶಿಲಿಂಗ್ ತೆರಬೇಕು. ಕೌಟಿಲ್ಯ ವಿನಾಯಿತಿ ಕೊಟ್ಟ ಕಡೆಯಲ್ಲಿ ಗಿರಣಿಯ ಮಾಲೀಕ ಎಲ್ಲಕ್ಕಿಂತ ದೊಡ್ಡ ದಂಡ ಹಾಕಿದ್ದ.

ನಾಲ್ಕು ಬಣ್ಣದ ಮರದ ತುಂಡು

ಇದೇ ಕಾಲದಲ್ಲಿ ಸ್ಕಾಟ್ಲೆಂಡಿನ ಕ್ಲೈಡ್ ನದಿಯ ದಂಡೆಯ ನ್ಯೂ ಲ್ಯಾನಾರ್ಕ್ ಎಂಬ ಗಿರಣಿ ಊರಿನಲ್ಲಿ ಬೇರೊಂದು ಪ್ರಯೋಗ ನಡೆದಿತ್ತು. ವೇಲ್ಸ್ ಪ್ರಾಂತದ ರಾಬರ್ಟ್ ಓವೆನ್ 1800ರ ಜನವರಿಯಲ್ಲಿ ಆ ಗಿರಣಿಯ ಆಡಳಿತ ವಹಿಸಿಕೊಂಡಾಗ ಅವನಿಗಿನ್ನೂ ಇಪ್ಪತ್ತೆಂಟು ವರ್ಷ. ಊರಿನಲ್ಲಿ ಸುಮಾರು ಎರಡು ಸಾವಿರ ಜನ. ಅವರಲ್ಲಿ ಐನೂರರಷ್ಟು ಮಂದಿ ಅನಾಥಾಲಯಗಳಿಂದ ತಂದ ಮಕ್ಕಳು. ಕಳ್ಳತನ, ಕುಡಿತ, ಜಗಳ ಸಾಮಾನ್ಯವಾಗಿದ್ದವು. ಭಾಷೆ, ನಡೆನುಡಿ ಎರಡರಲ್ಲೂ ಹೊರಗಿನವನಾದ ಈ ಹೊಸ ಮಾಲೀಕನನ್ನು ಕೆಲಸಗಾರರು ನಂಬಲಿಲ್ಲ.

ಓವೆನ್ ಪ್ರತಿಯೊಬ್ಬ ಕೆಲಸಗಾರನ ಬಳಿಯೂ ಒಂದು ಪುಟ್ಟ ಮರದ ತುಂಡನ್ನು ತೂಗುಹಾಕಿಸಿದ. ಉದ್ದ ಎರಡು ಅಂಗುಲ, ಅಗಲ ಒಂದು ಅಂಗುಲ. ನಾಲ್ಕು ಮುಖಗಳಿಗೆ ನಾಲ್ಕು ಬಣ್ಣ. ಕಪ್ಪು ಎಂದರೆ ಕೆಟ್ಟದ್ದು, ನೀಲಿ ಎಂದರೆ ಸಾಧಾರಣ, ಹಳದಿ ಎಂದರೆ ಒಳ್ಳೆಯದು, ಬಿಳಿ ಎಂದರೆ ಅತ್ಯುತ್ತಮ. ಹಿಂದಿನ ದಿನದ ನಡತೆಗೆ ತಕ್ಕ ಬಣ್ಣ ಎದುರಿಗೆ ಕಾಣುವಂತೆ ಮೇಲ್ವಿಚಾರಕ ಅದನ್ನು ತಿರುಗಿಸಿ ಇಡಬೇಕು. ಪ್ರತಿದಿನದ ಬಣ್ಣ ಒಂದರಿಂದ ನಾಲ್ಕರವರೆಗಿನ ಅಂಕಿಯಾಗಿ ಒಂದು ಪುಸ್ತಕದಲ್ಲೂ ದಾಖಲಾಗುತ್ತಿತ್ತು. ಇದಕ್ಕೆ ಓವೆನ್ ಇಟ್ಟ ಹೆಸರು 'ಸೈಲೆಂಟ್ ಮಾನಿಟರ್'. ಕನ್ನಡದಲ್ಲಿ 'ಮೂಕ ಮೇಸ್ತ್ರಿ' ಎನ್ನಬಹುದು.

ಹೆಸರಿಗೆ ತಕ್ಕಂತೆ ಅದು ಮೂಕವೇ ಆಗಿತ್ತು. ಓವೆನ್ ಗಿರಣಿಯ ಕೋಣೆಗಳಲ್ಲಿ ಸುತ್ತುವಾಗ ಕಪ್ಪು ಬಣ್ಣ ಕಂಡರೆ ಮರದ ತುಂಡನ್ನೂ ಆ ಕೆಲಸಗಾರನನ್ನೂ ಒಮ್ಮೆ ನೋಡುತ್ತಿದ್ದ, ಅಷ್ಟೇ. ಒಂದು ಬಯ್ಗುಳವೂ ಇಲ್ಲ, ಹೊಡೆತವೂ ಇಲ್ಲ. ಮೊದಮೊದಲು ಎಲ್ಲೆಲ್ಲೂ ಕಪ್ಪು. ಬರಬರುತ್ತ ಕಪ್ಪು ನೀಲಿಯಾಯಿತು, ನೀಲಿ ಹಳದಿಯಾಯಿತು, ಕೊನೆಗೆ ಅಲ್ಲಲ್ಲಿ ಬಿಳಿಯೂ ಕಾಣಿಸಿತು ಎಂದು ಅವನು 1857ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಇದು ಅವನದೇ ಹೇಳಿಕೆಯಾದ್ದರಿಂದ ಸ್ವಲ್ಪ ಎಚ್ಚರದಿಂದ ಓದಬೇಕು. ಆದರೂ ಗಿರಣಿ ಲಾಭದಲ್ಲಿ ನಡೆದದ್ದು, ಅದನ್ನು ನೋಡಲು ಯುರೋಪಿನ ಗಣ್ಯರು ಸಾಲುಗಟ್ಟಿ ಬಂದದ್ದು ಇತಿಹಾಸ ಒಪ್ಪಿದ ಸಂಗತಿ.

ಮರದ ತುಂಡಿನ ಕಥೆಯನ್ನು ಹೇಳುವವರು ಅದರ ಜತೆಗಿದ್ದ ಒಂದು ನಿಯಮವನ್ನು ಅನೇಕ ಸಲ ಮರೆಯುತ್ತಾರೆ. ಮೇಲ್ವಿಚಾರಕ ಕೊಟ್ಟ ಬಣ್ಣ ಸರಿಯಲ್ಲ ಎನ್ನಿಸಿದರೆ ಅದು ಪುಸ್ತಕಕ್ಕೆ ಏರುವ ಮುನ್ನವೇ ಕೆಲಸಗಾರ ನೇರವಾಗಿ ಓವೆನ್ ಬಳಿಗೆ, ಅವನಿಲ್ಲದಾಗ ಅವನ ಬದಲಿಗಿದ್ದವರ ಬಳಿಗೆ, ದೂರು ಒಯ್ಯಬಹುದಿತ್ತು. ಅಂಥ ದೂರುಗಳು ಬಂದದ್ದು ಬಹಳ ಅಪರೂಪವಂತೆ. ದೂರಿನ ಬಾಗಿಲು ತೆರೆದಿದೆ ಎಂದು ಗೊತ್ತಿದ್ದರೆ ಮೇಲ್ವಿಚಾರಕನೂ ಕೈ ಬಿಗಿ ಹಿಡಿದೇ ಬಣ್ಣ ತಿರುಗಿಸುತ್ತಾನೆ.

ಮರದ ತುಂಡು ಒಂಟಿಯಾಗಿಯೂ ಕೆಲಸ ಮಾಡಲಿಲ್ಲ. ಅಮೆರಿಕದಿಂದ ಹತ್ತಿ ಬರುವುದು ನಿಂತು ಯಂತ್ರಗಳು ಸುಮ್ಮನಾದಾಗ ಓವೆನ್ ನಾಲ್ಕು ತಿಂಗಳು ಎಲ್ಲರಿಗೂ ಪೂರ್ತಿ ಕೂಲಿ ಕೊಟ್ಟ. ಅದಕ್ಕೆ ತಗುಲಿದ ವೆಚ್ಚ 7,000 ಪೌಂಡಿಗೂ ಮೇಲು. ಕೆಲಸಗಾರರ ಅಪನಂಬಿಕೆ ಕರಗಿದ್ದು ಆಗ. ಹತ್ತು ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು ಅವನು ನಿಲ್ಲಿಸಿದ, ದುಡಿಮೆಯ ಅವಧಿಯನ್ನು ಇಳಿಸಿದ, 1816ರಲ್ಲಿ ಶಾಲೆಯನ್ನೂ ತೆರೆದ. ಯಂತ್ರಗಳಿಗೆ ಎಣ್ಣೆ ಹಾಕಿ ಒರೆಸಿ ಕಾಪಾಡುವ ಮಾಲೀಕರು ಜೀವವಿರುವ ಯಂತ್ರಗಳನ್ನೇಕೆ ಕಡೆಗಣಿಸುತ್ತಾರೆ ಎಂಬುದು ಅವನು ಇತರ ಮಾಲೀಕರಿಗೆ ಹಾಕಿದ ಸವಾಲು. ಮನುಷ್ಯನ ಸ್ವಭಾವವನ್ನು ರೂಪಿಸುವುದು ಅವನ ಸುತ್ತಲಿನ ಪರಿಸರ ಎಂಬುದು ಅವನ ಗಟ್ಟಿ ನಂಬಿಕೆ. ಅಂದರೆ ಓವೆನ್ ಕುಣಿತಕ್ಕೆ ಅಂಕ ಕೊಡುವುದರ ಜತೆಗೆ ನೆಲವನ್ನೂ ಸಮ ಮಾಡಿಸಿದ.

ಅವನ ವಿಧಾನದಲ್ಲಿ ದೋಷವಿರಲಿಲ್ಲವೆಂದಲ್ಲ. ಕಪ್ಪು ಬಣ್ಣ ಕೆಲಸಗಾರನ ಕಣ್ಣಿಗಷ್ಟೇ ಅಲ್ಲ, ಕೋಣೆಯಲ್ಲಿದ್ದ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಮುಖಕ್ಕೆ ಹೇಳುವುದು ಒಂದು, ಮಾನ ಕಳೆಯುವುದು ಇನ್ನೊಂದು. ದಿನವಿಡೀ ಕಣ್ಗಾವಲಿನಲ್ಲಿರುವ ಸಂಕೋಚ ಎಂಥದೆಂದು ಆ ಕೆಲಸಗಾರರು ಬರೆದಿಟ್ಟಿದ್ದರೆ ಚಿತ್ರ ಬಹುಶಃ ಇಷ್ಟು ಹೊಳಪಾಗಿರುತ್ತಿರಲಿಲ್ಲ.

ಕೆಟ್ಟ ಬಟ್ಟೆ ನೇಕಾರನ ತಲೆಗೆ

ಇಂಗ್ಲೆಂಡಿನ ಯಂತ್ರಗಳ ಜತೆ ಅಲ್ಲಿನ ದಂಡದ ಪದ್ಧತಿಯೂ ಭಾರತಕ್ಕೆ ಬಂತು. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ನೇಯ್ಗೆಯಲ್ಲಿ ದೋಷ ಕಂಡರೆ ಆ ಬಟ್ಟೆಯನ್ನು ನೇಕಾರನ ತಲೆಗೇ ಕಟ್ಟಿ ಅದರ ಬೆಲೆಯನ್ನು ಕೂಲಿಯಲ್ಲಿ ಹಿಡಿದುಕೊಳ್ಳುವ ರೂಢಿಯಿತ್ತು. ದೋಷ ನೇಕಾರನ ಕೈಯದೋ, ಕಳಪೆ ನೂಲಿನದೋ, ಹಳೆಯ ಮಗ್ಗದದೋ ಎಂದು ವಿಚಾರಿಸುವವರು ಕಡಿಮೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ನೂಲು ಖರೀದಿಸಿದವನ ತಪ್ಪಿಗೆ ನೇಯ್ದವನು ತೆರಬೇಕಾಗುತ್ತಿತ್ತು.

1929ರಲ್ಲಿ ನೇಮಕವಾದ ವಿಟ್ಲಿ ಆಯೋಗ 1931ರಲ್ಲಿ ಕೊಟ್ಟ ವರದಿಯಲ್ಲಿ ಈ ದಂಡಗಳಿಗೆ ಕಡಿವಾಣ ಹಾಕಬೇಕೆಂದು ಹೇಳಿತು. ಅದರ ಫಲ 1936ರ ವೇತನ ಪಾವತಿ ಕಾಯ್ದೆ. ಯಾವ ತಪ್ಪಿಗೆ ದಂಡ ಎಂಬುದನ್ನು ಮೊದಲೇ ಸರ್ಕಾರದ ಒಪ್ಪಿಗೆ ಪಡೆದು ಪ್ರಕಟಿಸಬೇಕು, ದಂಡ ಹಾಕುವ ಮುನ್ನ ಕೆಲಸಗಾರನ ಸಮಜಾಯಿಷಿ ಕೇಳಬೇಕು, ಹದಿನೈದು ವರ್ಷದೊಳಗಿನವರಿಗೆ ದಂಡ ಹಾಕಕೂಡದು ಎಂದು ಕಾಯ್ದೆ ವಿಧಿಸಿತು. ದಂಡದ ಮಿತಿ ಆಗ ರೂಪಾಯಿಗೆ ಅರ್ಧ ಆಣೆ. ಮುಂದೆ 1982ರ ತಿದ್ದುಪಡಿಯಲ್ಲಿ ವೇತನದ ಶೇ. 3 ಆಯಿತು. ಸಾಮಗ್ರಿ ನಷ್ಟವಾದರೆ, ಅದು ನೇರವಾಗಿ ಆ ಕೆಲಸಗಾರನ ಅಲಕ್ಷ್ಯದಿಂದಲೇ ಆಗಿದ್ದರೆ ಮಾತ್ರ, ವೇತನದಲ್ಲಿ ಕಡಿತ ಮಾಡಬಹುದು.

ಇವೆಲ್ಲಕ್ಕಿಂತ ಜಾಣತನದ ವಿಧಿ ಇನ್ನೊಂದಿತ್ತು. ವಸೂಲಾದ ದಂಡದ ಹಣವನ್ನು ಕೆಲಸಗಾರರ ಹಿತಕ್ಕೇ ಬಳಸಬೇಕು. ದಂಡ ಹಾಕಿದರೆ ಮಾಲೀಕನಿಗೆ ಲಾಭವಿಲ್ಲವೆಂದಾದಾಗ ತಪ್ಪು ಹುಡುಕುವ ಉತ್ಸಾಹ ತಾನಾಗಿಯೇ ತಗ್ಗುತ್ತದೆ. 2019ರ ವೇತನ ಸಂಹಿತೆಯೂ ಶೇ. 3ರ ಮಿತಿಯನ್ನು, ಸಮಜಾಯಿಷಿಯ ಹಕ್ಕನ್ನು ಉಳಿಸಿಕೊಂಡಿದೆ.

ಕೆಂಪು ಮಣಿಗಳ ಪಾಠ

ದಂಡ ಹಾಕಬಾರದು, ಸರಿ. ಆದರೆ ಕೆಟ್ಟ ಕೆಲಸಕ್ಕೆ ಮೂಲ ಎಲ್ಲಿ? ಈ ಪ್ರಶ್ನೆಗೆ ಉತ್ತರ ತೋರಿಸಲು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ (1900-1993) ಒಂದು ಆಟ ಆಡಿಸುತ್ತಿದ್ದರು. 1950ರಲ್ಲಿ ಜಪಾನಿನ ಉದ್ಯಮಿಗಳಿಗೆ ಗುಣಮಟ್ಟದ ಪಾಠ ಹೇಳಿ ಅಲ್ಲಿ ಮನೆಮಾತಾದವರು ಅವರು. ಅವರ ಹೆಸರಿನ ಪ್ರಶಸ್ತಿಯನ್ನು ಜಪಾನ್ 1951ರಿಂದ ಕೊಡುತ್ತಿದೆ.

ಆಟ ಸರಳ. ಒಂದು ಪೆಟ್ಟಿಗೆಯಲ್ಲಿ 3,200 ಬಿಳಿ ಮಣಿ, 800 ಕೆಂಪು ಮಣಿ. ಐವತ್ತು ಕುಳಿಗಳಿರುವ ಹಲಗೆಯನ್ನು ಪೆಟ್ಟಿಗೆಯಲ್ಲಿ ಮುಳುಗಿಸಿ ಎತ್ತಬೇಕು. ಬಿಳಿ ಮಣಿ ಒಳ್ಳೆಯ ಸರಕು, ಕೆಂಪು ಮಣಿ ಕೆಟ್ಟ ಸರಕು. ಸಭಿಕರಲ್ಲಿ ಆರು ಮಂದಿ 'ಕೆಲಸಗಾರ'ರಾಗುತ್ತಾರೆ. ಡೆಮಿಂಗ್ ಮೇಸ್ತ್ರಿಯಾಗುತ್ತಾರೆ. ಕಡಿಮೆ ಕೆಂಪು ಮಣಿ ತೆಗೆದವನನ್ನು ಹೊಗಳಿ ಬಡ್ತಿ ಕೊಡುತ್ತಾರೆ, ಹೆಚ್ಚು ತೆಗೆದವನನ್ನು ಗದರಿಸುತ್ತಾರೆ, ಗೋಡೆಯ ಮೇಲೆ ಘೋಷಣೆ ಅಂಟಿಸುತ್ತಾರೆ. ಮರುಸುತ್ತಿನಲ್ಲಿ ಹೊಗಳಿಸಿಕೊಂಡವನು ಹೆಚ್ಚು ಕೆಂಪು ಮಣಿ ತೆಗೆದು ಬಯ್ಗುಳ ತಿನ್ನುತ್ತಾನೆ. ಬೈಸಿಕೊಂಡವನು 'ಸುಧಾರಿಸು'ತ್ತಾನೆ. ಸಭೆಯಲ್ಲಿ ನಗು.

ನಗು ನಿಂತ ಮೇಲೆ ಸಭೆಗೆ ಗುಟ್ಟು ಹೊಳೆಯುತ್ತದೆ. ಪೆಟ್ಟಿಗೆಯಲ್ಲಿ ಐದರಲ್ಲಿ ಒಂದು ಮಣಿ ಕೆಂಪಾಗಿರುವಾಗ ಯಾರು ಎತ್ತಿದರೂ ಐವತ್ತರಲ್ಲಿ ಸುಮಾರು ಹತ್ತು ಕೆಂಪು ಬಂದೇ ಬರುತ್ತವೆ. ಒಮ್ಮೆ ಏಳು, ಒಮ್ಮೆ ಹದಿಮೂರು. ಬಯ್ಗುಳಕ್ಕೂ ಬಹುಮಾನಕ್ಕೂ ಅದರೊಂದಿಗೆ ಸಂಬಂಧವಿಲ್ಲ. ಕೆಂಪು ಮಣಿ ಕಡಿಮೆಯಾಗಬೇಕಾದರೆ ಪೆಟ್ಟಿಗೆಗೆ ಮಣಿ ತುಂಬುವವರನ್ನು ಕೇಳಬೇಕು. ತೊಂದರೆಗಳಲ್ಲಿ ಶೇ. 94ರಷ್ಟು ವ್ಯವಸ್ಥೆಗೆ ಸೇರಿದವು, ಅದನ್ನು ಸರಿಪಡಿಸುವ ಹೊಣೆ ಆಡಳಿತದ್ದು ಎಂಬುದು ಡೆಮಿಂಗ್ ತಮ್ಮ ಅನುಭವದಿಂದ ಹೇಳುತ್ತಿದ್ದ ಅಂದಾಜು. ಅಂಕಿಯ ಬಗ್ಗೆ ವಾದಿಸಬಹುದು. ಅದು ಯಾವ ಕಡೆಗೆ ಬೆರಳು ತೋರಿಸುತ್ತದೆ ಎಂಬುದು ಸ್ಪಷ್ಟ.

ಮಣಿಗಳ ಆಟ ಹೇಳಿದ್ದನ್ನು ಕ್ಯಾಲಿಫೋರ್ನಿಯದ ಫ್ರೀಮಾಂಟ್ ಎಂಬ ಊರಿನ ಕಾರು ಕಾರ್ಖಾನೆ ನಿಜದಲ್ಲೇ ತೋರಿಸಿತು. ಜನರಲ್ ಮೋಟಾರ್ಸ್ ಕಂಪನಿ ಆ ಕಾರ್ಖಾನೆಯನ್ನು 1982ರಲ್ಲಿ ಮುಚ್ಚಿತು. ಅಲ್ಲಿನ ಕೆಲಸಗಾರರಿಗೆ ಬಹಳ ಕೆಟ್ಟ ಹೆಸರಿತ್ತು. ದಿನವೂ ಐದರಲ್ಲಿ ಒಬ್ಬ ಗೈರುಹಾಜರು. ಕೆಲಸದ ಹೊತ್ತಿನಲ್ಲೇ ಕುಡಿತ. 1984ರಲ್ಲಿ ಅದೇ ಕಾರ್ಖಾನೆ ಜಪಾನಿನ ಟೊಯೊಟಾ ಕಂಪನಿಯ ಆಡಳಿತದಲ್ಲಿ, ಎರಡೂ ಕಂಪನಿಗಳ ಜಂಟಿ ಉದ್ಯಮವಾಗಿ 'ನ್ಯೂಮಿ' ಎಂಬ ಹೆಸರಿನಿಂದ ಮತ್ತೆ ತೆರೆಯಿತು. ಸೇರಿಸಿಕೊಂಡವರಲ್ಲಿ ಶೇ. 85ರಷ್ಟು ಮಂದಿ ಅದೇ ಹಳೆಯ ಕೆಲಸಗಾರರು, ಅದೇ ಕಾರ್ಮಿಕ ಸಂಘ.

ಬದಲಾದದ್ದು ಕೆಲಸದ ಕ್ರಮ. ನೂರಾರು ಮಂದಿಯನ್ನು ತರಬೇತಿಗಾಗಿ ಜಪಾನಿಗೆ ಕಳಿಸಲಾಯಿತು. ಪ್ರತಿಯೊಬ್ಬನ ಕೈಗೆಟುಕುವಂತೆ ಒಂದು ಹಗ್ಗ ಕಟ್ಟಿದ್ದರು. ಕೆಲಸದಲ್ಲಿ ತೊಡಕು ಕಂಡರೆ ಅದನ್ನು ಎಳೆಯಬೇಕು. ಎಳೆದ ಕೂಡಲೇ ತಂಡದ ಮುಖ್ಯಸ್ಥ ಬಯ್ಯಲು ಅಲ್ಲ, ನೆರವಾಗಲು ಓಡಿ ಬರುತ್ತಿದ್ದ. ತೊಡಕು ಅಷ್ಟರಲ್ಲಿ ಬಗೆಹರಿಯದಿದ್ದರೆ ಇಡೀ ಸಾಲು ನಿಲ್ಲುತ್ತಿತ್ತು. ಹಳೆಯ ಆಡಳಿತದಲ್ಲಿ ಸಾಲು ನಿಲ್ಲಿಸುವುದೇ ಮಹಾಪರಾಧ. ದೋಷವಿದ್ದರೂ ಕಾರು ಮುಂದೆ ಹೋಗಲೇಬೇಕಿತ್ತು. ಗೈರುಹಾಜರಿ ಶೇ. 20ರಿಂದ ಎರಡು ಮೂರಕ್ಕೆ ಇಳಿಯಿತು. ಎರಡು ವರ್ಷದೊಳಗೆ ಅಲ್ಲಿನ ಕಾರುಗಳ ಗುಣಮಟ್ಟ ಜಪಾನಿನ ಕಾರ್ಖಾನೆಗೆ ಸರಿಸಮ ಬಂತು. ಕೆಲಸದ ವೇಗ ಮೈಮುರಿಯುವಂಥದ್ದು ಎಂಬ ಟೀಕೆಯೂ ಇತ್ತು. 2010ರಲ್ಲಿ ಕಾರ್ಖಾನೆ ಮುಚ್ಚಿತು. ಆದರೆ 'ಈ ಜನರೇ ಸರಿಯಿಲ್ಲ' ಎಂಬ ಮಾತಿಗೆ ಅದು ಕೊಟ್ಟ ಉತ್ತರ ಉಳಿದುಕೊಂಡಿದೆ.

ಕೊನೆಯ ಹತ್ತು ಮಂದಿ

ಇದೇ ವರ್ಷಗಳಲ್ಲಿ ಅಮೆರಿಕದಲ್ಲೇ ಇದಕ್ಕೆ ತೀರ ವಿರುದ್ಧವಾದ ಸಿದ್ಧಾಂತವೂ ಬೆಳೆಯಿತು. 1981ರಿಂದ 2001ರವರೆಗೆ ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥರಾಗಿದ್ದ ಜ್ಯಾಕ್ ವೆಲ್ಚ್ ಅದರ ಪ್ರವರ್ತಕರು. ಬೆಂಗಳೂರಿನಲ್ಲಿ 2000ದಲ್ಲಿ ಆರಂಭವಾದ ಆ ಕಂಪನಿಯ ಸಂಶೋಧನಾ ಕೇಂದ್ರಕ್ಕೆ ಅವರದೇ ಹೆಸರು. ನೌಕರರನ್ನು ಮೇಲಿನ ಇಪ್ಪತ್ತು, ನಡುವಿನ ಎಪ್ಪತ್ತು, ಕೆಳಗಿನ ಹತ್ತು ಎಂದು ಶೇಕಡಾವಾರು ಬೇರ್ಪಡಿಸಬೇಕು. ಮೇಲಿನವರಿಗೆ ಉಡುಗೊರೆ, ಕೆಳಗಿನ ಹತ್ತು ಮಂದಿಗೆ ಬಾಗಿಲು. ಗಂಟೆಯಾಕಾರದ ರೇಖೆಯ ಲೆಕ್ಕದಲ್ಲಿ ನೌಕರರನ್ನು ಹೀಗೆ ಶ್ರೇಣಿಗೆ ಹಚ್ಚುವ ಕ್ರಮ 'ಬೆಲ್ ಕರ್ವ್' ಎಂಬ ಹೆಸರಿನಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲೂ ಪರಿಚಿತವಾಯಿತು.

ಈ ಸಿದ್ಧಾಂತದಲ್ಲೂ ಒಂದು ಒಳ್ಳೆಯ ಅಂಶವಿದೆ. ಕೆಲಸ ಸಾಲದು ಎಂಬ ಸತ್ಯವನ್ನು ಐವತ್ತರ ವಯಸ್ಸಿನಲ್ಲಿ ಹೇಳುವುದಕ್ಕಿಂತ ಬೇರೆ ದಾರಿ ಹುಡುಕಲು ಕಾಲವಿರುವಾಗಲೇ ಹೇಳುವುದು ಕರುಣೆ ಎಂದು ವೆಲ್ಚ್ ವಾದಿಸುತ್ತಿದ್ದರು. ತೊಡಕಿರುವುದು ಲೆಕ್ಕದಲ್ಲಿ. ಹತ್ತು ಜನರ ತಂಡದಲ್ಲಿ ಹತ್ತೂ ಮಂದಿ ಚೆನ್ನಾಗಿ ದುಡಿದರೂ ಒಬ್ಬನನ್ನು ಕೊನೆಯವನೆಂದು ಆರಿಸಲೇಬೇಕು. ಆಗ ಸಹೋದ್ಯೋಗಿಗೆ ನೆರವಾಗುವುದು ತನ್ನ ಕಾಲಿಗೆ ತಾನೇ ಕಲ್ಲು ಹಾಕಿಕೊಂಡಂತೆ. ಜಾಣರು ಜಾಣರ ತಂಡಕ್ಕೆ ಸೇರಲು ಹಿಂಜರಿಯುತ್ತಾರೆ. ಮೈಕ್ರೋಸಾಫ್ಟ್ ಕಂಪನಿ 2013ರಲ್ಲಿ ಈ ಬಗೆಯ ಕಡ್ಡಾಯ ಶ್ರೇಣಿಯನ್ನು ಕೈಬಿಟ್ಟಿತು.

ಎಲ್ಲರಿಗೂ ಗೊತ್ತು, ಅವನೊಬ್ಬನಿಗೆ ಬಿಟ್ಟು

ಭಾರತದ ಸರ್ಕಾರಿ ಕಚೇರಿಗಳ ರೋಗ ಬೇರೆ. ಬ್ರಿಟಿಷರ ಕಾಲದಿಂದ ಬಂದ ಗೋಪ್ಯ ವರದಿ ಅಲ್ಲಿನ ಆಯುಧ. 'ಸಿ.ಆರ್. ಕೆಡಿಸುತ್ತೇನೆ' ಎಂಬ ಬೆದರಿಕೆ ಕರ್ನಾಟಕದ ತಾಲ್ಲೂಕು ಕಚೇರಿಗಳಿಗೂ ಹೊಸದಲ್ಲ. ಮೇಲಧಿಕಾರಿ ವರ್ಷಕ್ಕೊಮ್ಮೆ ನೌಕರನ ಬಗ್ಗೆ ಬರೆಯುತ್ತಾನೆ. ಅದನ್ನು ಅವನ ಮೇಲಿನವರು ಓದುತ್ತಾರೆ, ಬಡ್ತಿಯ ಸಮಿತಿ ಓದುತ್ತದೆ. ತೀರ ಪ್ರತಿಕೂಲವಾದ ಷರಾ ಇದ್ದರೆ ಮಾತ್ರ ನೌಕರನಿಗೆ ತಿಳಿಸುತ್ತಿದ್ದರು. ಓವೆನ್‌ನ ಮರದ ತುಂಡು ಕೆಲಸಗಾರನ ಜತೆ ಊರಿಗೆಲ್ಲ ಹೇಳುತ್ತಿತ್ತು. ಗೋಪ್ಯ ವರದಿ ಕೆಲಸಗಾರನನ್ನು ಬಿಟ್ಟು ಉಳಿದವರಿಗೆ ಹೇಳುತ್ತಿತ್ತು.

ಗಡಿ ರಸ್ತೆಗಳ ಎಂಜಿನಿಯರಿಂಗ್ ಸೇವೆಯಲ್ಲಿದ್ದ ದೇವದತ್ತ ಎಂಬ ಎಂಜಿನಿಯರರ ಪ್ರಕರಣದಲ್ಲಿ ಈ ವಿಚಿತ್ರ ಬಯಲಿಗೆ ಬಂತು. ಬಡ್ತಿಗೆ ಐದು ವರ್ಷವೂ 'ಬಹಳ ಉತ್ತಮ' ಎಂಬ ಷರಾ ಬೇಕಿತ್ತು. 1993-94ರಲ್ಲಿ ಅವರಿಗೆ ಸಿಕ್ಕಿದ್ದು 'ಉತ್ತಮ'. ಕೇಳಲು ಹೊಗಳಿಕೆ. ಬಡ್ತಿಯ ಬಾಗಿಲು ಮುಚ್ಚಿದ್ದು ಆ ಹೊಗಳಿಕೆಯೇ! ಪ್ರತಿಕೂಲ ಷರಾ ಅಲ್ಲವೆಂದು ಅದನ್ನು ಅವರಿಗೆ ತಿಳಿಸಿಯೇ ಇರಲಿಲ್ಲ. 2008ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಷರಾ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಪ್ರತಿಯೊಂದನ್ನೂ ನೌಕರನಿಗೆ ತಿಳಿಸಬೇಕು, ಅವನ ಮಾತು ಕೇಳಬೇಕು. ತಿಳಿಸದಿರುವುದು ಸಂವಿಧಾನದ 14ನೇ ವಿಧಿಯ ಸಮಾನತೆಗೆ ವಿರುದ್ಧ. ಅಷ್ಟರಲ್ಲಿ ದೇವದತ್ತ ನಿವೃತ್ತರಾಗಿದ್ದರು. ಮರುವರ್ಷ ಕೇಂದ್ರ ಸರ್ಕಾರ ಇಡೀ ವರದಿಯನ್ನು ನೌಕರನಿಗೆ ತೋರಿಸಿ, ಆಕ್ಷೇಪಕ್ಕೆ ಹದಿನೈದು ದಿನ ಕೊಡಬೇಕೆಂದು ಆದೇಶಿಸಿತು. 2013ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವೂ ಈ ತತ್ವವನ್ನು ಎತ್ತಿಹಿಡಿಯಿತು.

ಅದಕ್ಕೂ ಮುಂಚೆ, 1979ರಲ್ಲಿ, ಅದೇ ನ್ಯಾಯಾಲಯ ಇನ್ನೊಂದು ಗೆರೆಯನ್ನೂ ಎಳೆದಿತ್ತು. 1960ರ ಅಸ್ಸಾಂ ಭಾಷಾ ಗ

ಲಭೆಯ ವೇಳೆ ನೌಗಾಂವ್ ಜಿಲ್ಲೆಯ ಡೆಪ್ಯುಟಿ ಕಮಿಷನರ್ ಆಗಿದ್ದ ಜೆ. ಅಹ್ಮದ್ ದಕ್ಷತೆ, ಮುಂದಾಲೋಚನೆ, ನಾಯಕತ್ವ ತೋರಲಿಲ್ಲವೆಂದು ಶಿಸ್ತು ಕ್ರಮಕ್ಕೆ ಗುರಿಯಾಗಿದ್ದರು. ದಕ್ಷತೆಯ ಕೊರತೆ ಒಂದು, ದುರ್ನಡತೆ ಇನ್ನೊಂದು; ಮೊದಲನೆಯದನ್ನು ಎರಡನೆಯದೆಂದು ಹೆಸರಿಟ್ಟು ಶಿಕ್ಷಿಸಲಾಗದು ಎಂದಿತು ನ್ಯಾಯಾಲಯ. ಕೌಟಿಲ್ಯನ ಪಟ್ಟಿಯಲ್ಲಿ ಅಜ್ಞಾನ ಒಂದು ತುದಿಗೂ ಲೋಭ ಇನ್ನೊಂದು ತುದಿಗೂ ಇದ್ದದ್ದು ಇಲ್ಲಿ ನೆನಪಿಗೆ ಬರುತ್ತದೆ.

ಮೊದಲು ಕಾರಣ

ಹಾಗೆಂದು ಎಲ್ಲ ನೆಲವೂ ಡೊಂಕಲ್ಲ. ಆಲಸ್ಯ, ದರ್ಪಗಳೂ ಪಟ್ಟಿಯಲ್ಲಿವೆ. ಮೈಗಳ್ಳನೊಬ್ಬನನ್ನು ಕಂಡೂ ಕಾಣದಂತೆ ಬಿಟ್ಟರೆ ಅದರ ಬೆಲೆ ತೆರುವವರು ನಿಷ್ಠೆಯಿಂದ ದುಡಿಯುವ ಅವನ ಸಹೋದ್ಯೋಗಿಗಳು. ಕೆಲಸಕ್ಕೂ ಮನುಷ್ಯನಿಗೂ ಹೊಂದದಿದ್ದಾಗ ಬೇರೆ ಕೆಲಸ ಕೊಡುವುದು, ಅದೂ ಆಗದಿದ್ದರೆ ಗೌರವದಿಂದ ಕಳಿಸಿಕೊಡುವುದು ಅನಿವಾರ್ಯವಾಗಬಹುದು. ಆದರೆ ಅದು ಕೊನೆಯ ಮೆಟ್ಟಿಲು. ಅದಕ್ಕಿಂತ ಮುಂಚಿನ ಮೆಟ್ಟಿಲುಗಳನ್ನು ಹಾರಿ ಅಲ್ಲಿಗೆ ಹೋದವರು ಫ್ರೀಮಾಂಟಿನ ಬಾಗಿಲು ಮುಚ್ಚಿದವರಂತೆ ತಪ್ಪು ಜಾಗದಲ್ಲಿ ತಪ್ಪು ಹುಡುಕಿರುತ್ತಾರೆ.

ಮುಂಚಿನ ಮೆಟ್ಟಿಲುಗಳು ಕಷ್ಟದವಲ್ಲ. ಏನು ಬೇಕಿತ್ತು, ಏನಾಯಿತು ಎಂಬುದನ್ನು ವರ್ಷದ ಕೊನೆಗೆ ಅಲ್ಲ, ಆದ ವಾರದಲ್ಲೇ, ನಾಲ್ಕು ಜನರ ಮುಂದೆ ಅಲ್ಲ, ಎದುರು ಕೂರಿಸಿಕೊಂಡು ಹೇಳುವುದು. ಕೆಲಸ ಗೊತ್ತಿಲ್ಲವೇ, ಸಾಧನ ಸರಿಯಿಲ್ಲವೇ, ಮನೆಯಲ್ಲಿ ಕಾಯಿಲೆಯೇ, ಮೇಲಿನವರ ಭಯವೇ ಎಂದು ಕೇಳುವುದು. ಕಲಿಯಲು ಕಾಲ ಕೊಡುವುದು. ಆಡಿದ ಮಾತನ್ನು ಬರೆದಿಡುವುದು, ಬರೆದದ್ದನ್ನು ಅವನಿಗೂ ತೋರಿಸುವುದು. ನ್ಯೂ ಲ್ಯಾನಾರ್ಕ್ ಗಿರಣಿ 1968ರಲ್ಲಿ ನಿಂತಿತು. 2001ರಿಂದ ಆ ಊರು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ನೋಡಲು ಹೋದವರ ಕಣ್ಣನ್ನು ಸೆಳೆಯುವುದು ನಾಲ್ಕು ಬಣ್ಣದ ಮರದ ತುಂಡು. ಅದರ ಹಿಂದಿದ್ದ ನಿಯಮ ಕಣ್ಣಿಗೆ ಕಾಣುವಂಥದ್ದಲ್ಲ: ಬಣ್ಣ ಪುಸ್ತಕಕ್ಕೆ ಏರುವ ಮುನ್ನ ಕೆಲಸಗಾರನ ಮಾತು ಕೇಳಬೇಕು.